ಹದಿನಾಲ್ಕನೇ ಬಾಟ್ಲಿ

ಬಾಟ್ಲಿ ಅಕ್ಕ ಎಂಬ ಹೆಸರು ಮೊದಲ ಸಲ ಕಿವಿಗೆ ಬಿದ್ದಾಗ ಎಲ್ಲರೂ ಒಂದೇ ಥರ ಮುಖ ಮಾಡುತ್ತಾರೆ. ಯಾರೋ ಕುಡಿಯುವ ಹೆಂಗಸಿರಬೇಕು, ಪಾಪ, ಮನೆಯವರ ಗತಿ ಏನೋ ಎಂದುಕೊಳ್ಳುತ್ತಾರೆ. ನಮ್ಮ ಬೀದಿಯವರು ತಕ್ಷಣ ತಿದ್ದುವುದಿಲ್ಲ. ಮಂಗಳವಾರ ಬರಲಿ, ಅವರೇ ನೋಡಲಿ ಎಂದು ಸುಮ್ಮನಿರುತ್ತೇವೆ. ಮಂಗಳವಾರ ಮಧ್ಯಾಹ್ನ ಮೂರಕ್ಕೆ, ಸ್ಕೂಟರಿನವರೂ ಬ್ರೇಕ್ ಹಿಡಿದುಕೊಂಡೇ ನುಗ್ಗುವ ನಮ್ಮ ಓಣಿಯೊಳಗೆ ಮೂರು ಸಾವಿರ ಲೀಟರಿನ ಹಳದಿ ಟ್ಯಾಂಕರೊಂದು ಹಿಂದುಹಿಂದಾಗಿ ಬರುತ್ತದೆ. ಯಾರೂ ಹಿಂದೆ ನಿಂತು 'ಬರ್ಲಿ, ಬರ್ಲಿ' ಎಂದು ಕೂಗುವುದಿಲ್ಲ. ಓಣಿಯ ತುದಿಯಲ್ಲಿರುವ ನನ್ನ ಗ್ಯಾರೇಜಿನ ಶಟರಿಗೆ ಒಂದು ಗೇಣು ಬಾಕಿ ಇರುವಾಗ ನಿಲ್ಲುತ್ತದೆ. ಐವತ್ತು ದಾಟಿದ, ದಾರ ಕಟ್ಟಿದ ಕನ್ನಡಕವನ್ನು ಕೊರಳಿಗೆ ತೂಗುಹಾಕಿಕೊಂಡ, ಮೊಣಕೈವರೆಗೆ ರಬ್ಬರ್ ಗ್ಲೌಸ್ ಹಾಕಿದ ಹೆಂಗಸೊಬ್ಬರು ಇಳಿಯುತ್ತಾರೆ. ಅವರ ಕೈಯಲ್ಲಿ ಹಳೆಯ ಸೋಡಾ ಪೆಟ್ಟಿಗೆ. ಅದರ ಗೂಡುಗಳಲ್ಲಿ ಸಾಲಾಗಿ ಪುಟ್ಟ ಗಾಜಿನ ಬಾಟ್ಲಿಗಳು. ಹೊಸಬರು ಆಮೇಲೆ ಏನೂ ಕೇಳುವುದಿಲ್ಲ.

ಯಾರನ್ನೂ ಸುಲಭಕ್ಕೆ ಹೊಗಳುವ ಜಾಯಮಾನ ನನ್ನದಲ್ಲ. ಕೋಪ ನನ್ನ ಮೂಗಿನ ತುದಿಯಲ್ಲೇ ಕೂತಿರುತ್ತದೆ ಎಂದು ಹೆಂಡತಿ ಹೇಳುತ್ತಾಳೆ. ಇಪ್ಪತ್ತೆರಡು ವರ್ಷದಿಂದ ಇದೇ ಶೆಡ್ಡಿನಲ್ಲಿ ಕಾರು, ವ್ಯಾನು ರಿಪೇರಿ ಮಾಡುತ್ತಿದ್ದೇನೆ. ಮುಂದಿನ ಕೋಣೆಯಲ್ಲಿ ಅವಳು ಬಿಡಿಭಾಗಗಳ ಕೌಂಟರ್ ನೋಡಿಕೊಳ್ಳುತ್ತಾಳೆ. ಗಾಡಿಯನ್ನಾಗಲಿ ಮನುಷ್ಯರನ್ನಾಗಲಿ ಬಿಚ್ಚಿ ನೋಡದೆ ನಂಬುವುದು ನನ್ನ ಅಭ್ಯಾಸವಲ್ಲ. ಹಾಗಿದ್ದೂ ಈ ಹೆಂಗಸಿನ ಬಗ್ಗೆ ಬರೆಯಲು ಕೂತಿದ್ದೇನೆ ಎಂದರೆ ಅದಕ್ಕೊಂದು ಕಾರಣವಿದೆ. ಅವರ ಕೆಲಸಕ್ಕೆ ಒಮ್ಮೆ ಸಂಚಕಾರ ತಂದವನು ನಾನೇ.

ಅಕ್ಕ ನಮ್ಮ ಓಣಿಗೆ ಮೊದಲು ಬಂದದ್ದು ಈಗ್ಗೆ ಹನ್ನೆರಡು ವರ್ಷದ ಹಿಂದೆ. ಗಾಡಿಗಳಿಂದ ಇಳಿಸಿದ ಹಳೇ ಆಯಿಲನ್ನು ಆಗ ನಾವೆಲ್ಲ ಏನು ಮಾಡುತ್ತಿದ್ದೆವು ಎಂದು ಹೇಳಲು ಈಗ ನಾಚಿಕೆಯಾಗುತ್ತದೆ. ಕೆಲವರು ಚರಂಡಿಗೆ ಸುರಿಯುತ್ತಿದ್ದರು. ಕೆಲವರು ಧೂಳು ಏಳದಿರಲಿ ಎಂದು ಅಂಗಳಕ್ಕೆ ಚಿಮುಕಿಸುತ್ತಿದ್ದರು. ನಾನು ಗೆದ್ದಲು ಹತ್ತದಂತೆ ಹಿತ್ತಿಲ ಬೇಲಿಯ ಕಂಬಗಳಿಗೆ ಬಳಿಯುತ್ತಿದ್ದೆ. ಇದ್ದದ್ದು ಎಂಟು ಕಂಬ. ಎಂಟು ಕಂಬಕ್ಕೆ ವರ್ಷಕ್ಕೆ ಎಷ್ಟು ಆಯಿಲ್ ಬೇಕು? ಉಳಿದದ್ದು ಎಲ್ಲಿಗೆ ಹೋಗಬೇಕೋ ಅಲ್ಲಿಗೆ ಹೋಗುತ್ತಿತ್ತು, ನಾನು ಆ ಕಡೆ ನೋಡುತ್ತಿರಲಿಲ್ಲ.

"ತಮ್ಮಾ, ಹಳೇ ಆಯಿಲು, ಫಿಲ್ಟರು, ಖಾಲಿ ಡಬ್ಬ, ಕೂಲೆಂಟು, ಎಲ್ಲ ನಾನೇ ಬಂದು ತಗೊಂಡು ಹೋಗ್ತೀನಿ," ಎಂದರು ಅವತ್ತು. "ನೀನು ಒಂದಕ್ಕೊಂದು ಬೆರೆಸದೆ ಇಟ್ರೆ ಸಾಕು."

"ನಮ್ಮ ಕೈಯಿಂದ ಎಷ್ಟು ದುಡ್ಡು ಬೀಳುತ್ತೆ?"

"ಏನೂ ಇಲ್ಲ. ಆಯಿಲ್ ತಯಾರಿಸೋ ಕಂಪನಿಗಳೇ ಸೇರ್ಕೊಂಡು ಇದನ್ನ ನಡೆಸ್ತಾವೆ. ಮಾರೋ ಒಂದೊಂದು ಡಬ್ಬದ ಮೇಲೂ ಇಷ್ಟು ಅಂತ ತೆಗೆದಿಡ್ತಾರೆ. ಈ ಟ್ಯಾಂಕರು, ನನ್ನ ಸಂಬಳ, ಆಯಿಲ್ ತೊಳೆಯೋ ಪ್ಲಾಂಟು, ಎಲ್ಲ ಅದ್ರಲ್ಲೇ."

ನನಗೆ ನಗು ತಡೆಯಲಾಗಲಿಲ್ಲ. "ಎಮ್ಮೆ ಮಾರಿದವನೇ ದಿನಾ ಮನೆಗೆ ಬಂದು ಸಗಣಿ ಬಾಚ್ಕೊಂಡು ಹೋಗ್ತಾನೆ ಅಂದ್ರೆ ಯಾರಕ್ಕಾ ನಂಬ್ತಾರೆ? ಇದ್ರಲ್ಲಿ ಏನೋ ಇದೆ."

"ಇದೆ. ಸಗಣೀಲಿ ಗೊಬ್ಬರ ಇದೆ," ಎಂದರು, ಮುಖ ಸ್ವಲ್ಪವೂ ಸಡಿಲಿಸದೆ. "ಎಂಜಿನ್ನಲ್ಲಿ ಓಡಿದ ಮಾತ್ರಕ್ಕೆ ಆಯಿಲ್ ಸಾಯಲ್ಲ. ಕೊಳೆಯಾಗುತ್ತೆ ಅಷ್ಟೆ. ತೊಳೆದ್ರೆ ಮತ್ತೆ ಹೊಸ ಆಯಿಲ್ಲೇ."

ಮೂರು ವಾರ ನಾನು ಒಪ್ಪಲಿಲ್ಲ. ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಂಡರು ಎಂಬ ಗಾದೆ ನನ್ನಂಥವನನ್ನು ನೋಡಿಯೇ ಹುಟ್ಟಿರಬೇಕು. ನಾಲ್ಕನೇ ವಾರ ನನ್ನ ಹೆಂಡತಿ ಅವರನ್ನು ಟೈರಿನ ಮೇಲೆ ಕೂರಿಸಿ ಟೀ ಕೊಟ್ಟಳು. ಟೀ ಕುಡಿಯುತ್ತಾ ಅಕ್ಕ ತಮ್ಮ ಮನೆಯ ಬಾವಿಯ ಕಥೆ ಹೇಳಿದರು.

ಅವರ ಯಜಮಾನರದ್ದೂ ರಿಪೇರಿ ಶೆಡ್ಡೇ. ಶೆಡ್ಡಿನ ಹಿಂದೆಯೇ ಮನೆ. ಹೊಸದಾಗಿ ಮದುವೆಯಾಗಿ ಬಂದ ಅಕ್ಕನಿಗೆ ಆ ಕೊಳಕು ನೋಡಲಾಗಲಿಲ್ಲ. ಶೆಡ್ಡಿನ ನೆಲವೆಲ್ಲ ಕಪ್ಪು, ಮನೆಯೊಳಗೂ ಕಪ್ಪು ಹೆಜ್ಜೆ. ಸೆರಗು ಸಿಕ್ಕಿಸಿ, ಗುದ್ದಲಿ ಹಿಡಿದು ಹಿತ್ತಿಲಲ್ಲಿ ಸೊಂಟದಾಳದ ಗುಂಡಿಯೊಂದನ್ನು ತಾವೇ ತೋಡಿದರು. ಅಂಚಿಗೆ ಕಲ್ಲು ಜೋಡಿಸಿದರು, ತಳಕ್ಕೆ ಜಲ್ಲಿ ಹಾಕಿದರು, ಮೇಲೊಂದು ಹಲಗೆ ಮುಚ್ಚಳ. ಅಂದಿನಿಂದ ಹಳೇ ಆಯಿಲೆಲ್ಲ ಆ ಗುಂಡಿಗೆ. ಎಷ್ಟು ಸುರಿದರೂ ಎರಡು ದಿನಕ್ಕೆ ಗುಂಡಿ ಖಾಲಿ. ಅತ್ತೆ ಊರಿಗೆಲ್ಲ ಹೇಳಿಕೊಂಡು ಬಂದರಂತೆ, ನನ್ನ ಸೊಸೆ ಬಂದಮೇಲೆ ಶೆಡ್ಡಿನ ನೆಲದ ಮೇಲೆ ಎಲೆ ಹಾಕಿ ಊಟಕ್ಕೆ ಕೂರಬಹುದು ಎಂದು.

ನಾಲ್ಕನೇ ಬೇಸಿಗೆಯಲ್ಲಿ ಬಾವಿಯ ನೀರಿನ ಮೇಲೆ ಬಣ್ಣದ ಪೊರೆಯೊಂದು ಕಾಣಿಸಿತು. ನಾಲ್ಕು ಮನೆಗೂ ಅದೊಂದೇ ಬಾವಿ. ಆಮೇಲೆ ವಾಸನೆ ಬಂತು. ಇಲಿ ಬಿದ್ದಿದೆ ಎಂದು ಒಬ್ಬರು, ಯಾರೋ ಹೊಟ್ಟೆಕಿಚ್ಚಿಗೆ ಏನೋ ಹಾಕಿದ್ದಾರೆ ಎಂದು ಇನ್ನೊಬ್ಬರು. ಅಕ್ಕನಿಗೆ ಮಾತ್ರ ಆ ಪೊರೆ ನೋಡಿದ ಮೊದಲ ಕ್ಷಣವೇ ಗೊತ್ತಾಗಿತ್ತು.

"ಗೊತ್ತಾದ್ಮೇಲೂ ಮೂರು ದಿನ ಬಾಯಿ ಬಿಡ್ಲಿಲ್ಲ ತಮ್ಮಾ," ಎಂದರು. "ಮೂರು ದಿನ ಅವ್ರ ಮಕ್ಳು ಆ ನೀರೇ ಕುಡಿದ್ರು. ಗುಂಡಿ ತೋಡಿದ್ದು ಗೊತ್ತಿಲ್ದೆ ಮಾಡಿದ್ದು, ಅದನ್ನ ಮರೀಬಹುದು. ಆ ಮೂರು ದಿನ ಮರೆಯೋಕೆ ಇವತ್ತಿಗೂ ಆಗಿಲ್ಲ."

ನಾಲ್ಕನೇ ದಿನ ಮೂರು ಮನೆಗೂ ಹೋಗಿ, ಗುಂಡಿ ತೋಡಿದವಳು ನಾನೇ ಎಂದು ಹೇಳಿ ಬಂದರು. ಬೈಗುಳ ಬಿತ್ತು. ಬಾವಿಗೆ ಚಪ್ಪಡಿ ಬಿತ್ತು. ಆದರೆ ನೀರು? ಕೆಟ್ಟು ನಿಂತ ಗಾಡಿ ಎಳೆದು ತರಲು ಯಜಮಾನರ ಹತ್ತಿರ ಒಂದು ಟ್ರಕ್ ಇತ್ತು. ಅಕ್ಕ ಅದನ್ನು ಓಡಿಸಲು ಕಲಿತು, ದಿನಾ ಬೆಳಿಗ್ಗೆ ಕ್ಯಾನುಗಳಲ್ಲಿ ನೀರು ತಂದು ಮೂರು ಮನೆಯ ಬಾಗಿಲಿಗೆ ಇಳಿಸಿದರು. ಕೊಳಾಯಿ ಬರುವವರೆಗೆ, ಒಂದು ದಿನವೂ ತಪ್ಪದೆ, ಎರಡು ವರ್ಷ. ಇಕ್ಕಟ್ಟಿನ ಓಣಿಯಲ್ಲಿ ಗಾಡಿಯನ್ನು ಹಿಂದುಹಿಂದಾಗಿ ತರುವುದನ್ನು ಕಲಿತದ್ದು ಆಗಲೇ. ಹಳೇ ಆಯಿಲ್ ಎತ್ತುವ ಈ ಯೋಜನೆಯವರು ಡ್ರೈವರು ಬೇಕೆಂದು ಬಂದಾಗ, ಗಂಡಸರು ಯಾರೂ ಮುಂದೆ ಬಾರದ ಆ ಗಲೀಜು ಕೆಲಸಕ್ಕೆ ಮೊದಲು ಹೆಸರು ಬರೆಸಿದವರು ಇವರೇ.

ಟೀ ಲೋಟ ಕೆಳಗಿಡುವಷ್ಟರಲ್ಲಿ ನಾನು ಒಪ್ಪಿಗೆಯ ಕಾಗದಕ್ಕೆ ಸಹಿ ಹಾಕಿದ್ದೆ.

ಅವರ ಕೆಲಸದಲ್ಲಿ ಒಂದು ಕ್ರಮವಿತ್ತು, ಅದನ್ನು ನಾವು ಎಷ್ಟು ಆಡಿಕೊಂಡರೂ ಅವರು ಬಿಡಲಿಲ್ಲ. ಮೊದಲು ಚೀಟಿ, ಆಮೇಲೆ ಮುಚ್ಚಳ. ಅಂದರೆ ಡ್ರಮ್ಮಿನ ಮುಚ್ಚಳ ತೆಗೆಯುವ ಮೊದಲೇ ಖಾಲಿ ಬಾಟ್ಲಿಗೆ ಚೀಟಿ ಅಂಟಿಸಿ ಗ್ಯಾರೇಜಿನ ಸಂಖ್ಯೆ, ತಾರೀಖು ಬರೆಯಬೇಕು. ಆಮೇಲೆ ಮಾರುದ್ದದ ಗಾಜಿನ ಕೊಳವೆಯನ್ನು ಡ್ರಮ್ಮಿನ ತಳ ಮುಟ್ಟುವ ತನಕ ಇಳಿಸಿ, ಮೇಲಿನ ಬಾಯಿಯನ್ನು ಹೆಬ್ಬೆರಳಿನಿಂದ ಒತ್ತಿ ಮೇಲೆತ್ತಬೇಕು. ಡ್ರಮ್ಮಿನೊಳಗೆ ಏನೇನಿದೆಯೋ ಅದೆಲ್ಲ ಪದರಪದರವಾಗಿ ಕೊಳವೆಯಲ್ಲಿ ನಿಲ್ಲುತ್ತಿತ್ತು. ಅದನ್ನು ಬೆಳಕಿಗೆ ಹಿಡಿದು ನೋಡಿ, ಬಾಟ್ಲಿಗೆ ಇಳಿಸಿ, ಪೆಟ್ಟಿಗೆಯ ಗೂಡಿಗಿಟ್ಟ ನಂತರವೇ ಟ್ಯಾಂಕರಿನ ಪೈಪು ಡ್ರಮ್ಮಿಗೆ. ಸಂಜೆ ಪ್ಲಾಂಟಿನಲ್ಲಿ ಇಡೀ ಲೋಡನ್ನು ಪರೀಕ್ಷೆ ಮಾಡುತ್ತಾರೆ. ಪಾಸಾದರೆ ಬಾಟ್ಲಿಗಳನ್ನು ತೊಳೆದಿಡುತ್ತಾರೆ. ಫೇಲಾದರೆ ಒಂದೊಂದೇ ಬಾಟ್ಲಿ ತೆಗೆದು, ಹುಳಿ ಹಿಂಡಿದವರು ಯಾರೆಂದು ನೋಡುತ್ತಾರೆ. ಸೋಡಾ ಪೆಟ್ಟಿಗೆಗೆ ಗೂಡು ಮಾಡಿಕೊಟ್ಟವರು ಅಕ್ಕನ ಯಜಮಾನರು. ಸ್ಪ್ಯಾನರ್ ಹಿಡಿದು ಹಿಡಿದು ಮಣಿಕಟ್ಟು ಹೋದಮೇಲೆ ಅವರು ಮನೆಯಲ್ಲಿ ಇಂಥ ಮರಗೆಲಸ ಮಾಡುತ್ತಿದ್ದರು.

ಆ ಕೊಳವೆ ನೋಡಿಯೇ ಅಕ್ಕ ಎಷ್ಟೋ ಹೇಳುತ್ತಿದ್ದರು. ಒಮ್ಮೆ ತಳದಲ್ಲಿ ಮಜ್ಜಿಗೆ ಬಣ್ಣದ ಪದರ ನೋಡಿ, "ಈ ವಾರ ಆಯಿಲ್ ಬದಲಿಸಿದ ಯಾವ್ದೋ ಗಾಡೀಲಿ ನೀರು ಒಳಗೆ ಹೋಗ್ತಿದೆ, ಗ್ಯಾಸ್ಕೆಟ್ ನೋಡು," ಎಂದರು. ಆ ಆಯಿಲ್ ಇಳಿಸಿದವನು ನಾನು, ನನಗೇ ಗೊತ್ತಾಗಿರಲಿಲ್ಲ. ಹುಡುಕಿದೆ, ಗಿರಾಕಿಯನ್ನು ವಾಪಸ್ ಕರೆಸಿದೆ, ಅವರ ಮಾತು ನಿಜವಾಯಿತು. ಹೆಂಡತಿ ಆ ವಾರ ಪೂರ್ತಿ ನನ್ನನ್ನು ನೋಡಿದಾಗಲೆಲ್ಲ ಒಂದು ಕೊಳವೆ ತಂದುಕೊಡಲಾ ಎಂದು ಕೇಳುತ್ತಿದ್ದಳು. ಅವಳು, ಅಕ್ಕ ಇಬ್ಬರೂ ಸೇರಿ ನನ್ನ ಶೆಡ್ಡಿನ ಡ್ರಮ್ಮು ಕ್ಯಾನುಗಳಿಗೆಲ್ಲ ಬಣ್ಣ ಬಳಿದರು. ಆಯಿಲಿಗೆ ಕಪ್ಪು ಮುಚ್ಚಳ, ಎಂಜಿನ್ ತಂಪಾಗಿಡುವ ಕೂಲೆಂಟಿಗೆ ಹಸಿರು, ಬ್ರೇಕ್ ಕ್ಲೀನರಿನಂಥ ತೊಳೆಯುವ ದ್ರಾವಣಗಳಿಗೆ ಕೆಂಪು. ಕೆಂಪಿನದು ಕಪ್ಪಿಗೆ ಹೋದರೆ ಅಕ್ಕನ ಪಾಲಿಗೆ ಅದು ಮಹಾಪರಾಧ. ಆ ದ್ರಾವಣ ಸೇರಿದ ಆಯಿಲನ್ನು ತೊಳೆಯಲಾಗುವುದಿಲ್ಲ, ಕಾಯಿಸಿದರೆ ವಿಷದ ಹೊಗೆ ಬರುತ್ತದೆ. ಕೊಡ ಹಾಲಿಗೆ ತೊಟ್ಟು ಹುಳಿ ಎಂದು ಅವರು ಸಾವಿರ ಸಲ ಹೇಳಿದ್ದರು.

ಇಷ್ಟೆಲ್ಲ ಗೊತ್ತಿದ್ದವನು ಕಳೆದ ವರ್ಷ ಒಂದು ಸೋಮವಾರ ಏನು ಮಾಡಿದೆ ಎಂದರೆ, ಶಾಲೆಯ ಬಸ್ಸೊಂದರ ಬ್ರೇಕುಗಳನ್ನು ಬಿಚ್ಚಿ, ದೊಡ್ಡ ಬೋಗುಣಿಯಲ್ಲಿ ಬ್ರೇಕ್ ಕ್ಲೀನರ್ ಹಾಕಿ ತೊಳೆದೆ. ಕೆಂಪು ಮುಚ್ಚಳದ ಕ್ಯಾನು ತುಂಬಿತ್ತು. ಕಪ್ಪು ಮುಚ್ಚಳದ ಡ್ರಮ್ಮು ಕೈಗೆಟುಕುವಲ್ಲೇ ಬಾಯಿ ತೆರೆದುಕೊಂಡಿತ್ತು. ಡ್ರಮ್ಮು ತುಂಬ ಆಯಿಲಿದೆ, ಒಂದು ಬೋಗುಣಿ ಯಾವ ಲೆಕ್ಕ ಎಂದು ಸುರಿದುಬಿಟ್ಟೆ.

ಮರುದಿನ ಮೂರು ಗಂಟೆಗೆ ಟ್ಯಾಂಕರ್ ಬಂತು. ಅವತ್ತು ನನ್ನದು ಹದಿನಾಲ್ಕನೇ ಗ್ಯಾರೇಜು, ಕೊನೆಯದು. ಅಕ್ಕ ಎಂದಿನಂತೆ ಕನ್ನಡಕ ಏರಿಸಿ ಚೀಟಿ ಬರೆದು ಬಾಟ್ಲಿಗೆ ಅಂಟಿಸಿದರು. ಕೊಳವೆಗೆ ಕೈ ಹಾಕಿದರು. ನನಗೆ ಎಲ್ಲಿತ್ತೋ ಸಿಟ್ಟು.

"ಹನ್ನೊಂದು ವರ್ಷ ಆಯ್ತಲ್ಲಕ್ಕಾ! ಇನ್ನೂ ನನ್ನ ಮೇಲೆ ಅನುಮಾನಾನಾ? ಕಳ್ಳನ್ನ ತಪಾಸಣೆ ಮಾಡೋ ಹಾಗೆ ವಾರವಾರ ಮಾಡ್ತೀರಲ್ಲ, ಗಿರಾಕಿಗಳ ಮುಂದೆ ನನ್ನ ಮರ್ಯಾದೆ ಏನಾಗ್ಬೇಕು?"

ಶೆಡ್ಡಿನಲ್ಲಿ ಇಬ್ಬರು ಗಿರಾಕಿಗಳಿದ್ದರು. ಅಕ್ಕ ಅವರನ್ನು ನೋಡಿದರು, ನನ್ನನ್ನು ನೋಡಿದರು. ಅವರ ಮುಖ ಕೆಂಪಾಯಿತು. "ತಪ್ಪಾಯ್ತು ಬಿಡು ತಮ್ಮಾ," ಎಂದು ಕೊಳವೆಯನ್ನು ಇದ್ದಲ್ಲೇ ಬಿಟ್ಟು, ಖಾಲಿ ಬಾಟ್ಲಿಯನ್ನು ಗೂಡಿಗಿಟ್ಟು, ಪೈಪು ಇಳಿಸಿದರು. ಹನ್ನೊಂದು ವರ್ಷದಲ್ಲಿ ಅವರು ಆ ಕ್ರಮ ಮುರಿದದ್ದು ಅದೊಂದೇ ಸಲ. ಬೋಗುಣಿಯ ವಿಷಯ ಮರೆತು ಸಿಟ್ಟಾದೆ ಎಂದು ಬರೆಯಬಹುದಿತ್ತು. ಮರೆತಿರಲಿಲ್ಲ. ನೆನಪಿತ್ತು, ಅದಕ್ಕೇ ಸಿಟ್ಟು ಬಂದದ್ದು.

ಗುರುವಾರ ಅಕ್ಕ ನಡೆದುಕೊಂಡು ಬಂದರು. ಟ್ಯಾಂಕರ್ ಇಲ್ಲದ ಅಕ್ಕನನ್ನು ನಾನು ನೋಡಿದ್ದು ಅದೇ ಮೊದಲು. ಅವರು ಅಷ್ಟು ಗಿಡ್ಡ ಎಂದು ನನಗೆ ಗೊತ್ತೇ ಇರಲಿಲ್ಲ. ಚೀಲದಿಂದ ಖಾಲಿ ಬಾಟ್ಲಿ ತೆಗೆದು ನನ್ನ ಕೆಲಸದ ಮೇಜಿನ ಮೇಲಿಟ್ಟರು. ಚೀಟಿಯಲ್ಲಿ ನನ್ನ ಗ್ಯಾರೇಜಿನ ಸಂಖ್ಯೆ, ಮಂಗಳವಾರದ ತಾರೀಖು, ಅವರ ದುಂಡು ಅಕ್ಷರ.

"ಲೋಡು ಫೇಲಾಯ್ತು. ಬ್ರೇಕ್ ಕ್ಲೀನರು. ಮೂರು ಸಾವಿರ ಲೀಟರೂ ಹೋಯ್ತು, ಅದನ್ನಿನ್ನು ದೂರದ ಬೇರೆ ಕಡೆ ಕಳ್ಸಿ ಸುಡ್ಬೇಕು. ಹದಿಮೂರು ಬಾಟ್ಲಿ ನೋಡಿದ್ರು, ಎಲ್ಲ ಸರಿ ಇದೆ. ಹದಿನಾಲ್ಕನೇದು ಇದು."

"ಹಾಗಾದ್ರೆ ನನ್ನ ಹೆಸರು ಹೇಳ್ತೀರಾ?" ಎಂದೆ. ಅವರ ಗತಿ ಏನು ಎಂದು ಮೊದಲು ಕೇಳಬೇಕಿತ್ತು, ಕೇಳಲಿಲ್ಲ.

"ನಿನ್ನ ಡ್ರಮ್ಮಲ್ಲಿ ಏನಿತ್ತು ಅಂತ ನಂಗೇನು ಗೊತ್ತು? ನಾನು ನೋಡ್ಲಿಲ್ಲ. ನೋಡ್ಲಿಲ್ಲ ಅಂತ್ಲೇ ಹೇಳ್ತೀನಿ. ಸ್ಯಾಂಪಲ್ ತೆಗೀದೆ ಒಂದು ಹನೀನೂ ಟ್ಯಾಂಕಿಗೆ ಇಳಿಸ್ಬಾರ್ದು ಅನ್ನೋದು ನಿಯಮ. ಮುರಿದವರನ್ನ ಗಾಡಿಯಿಂದ ಇಳಿಸ್ತಾರೆ. ಸೋಮವಾರ ವಿಚಾರಣೆ ಇದೆ. ಯಾರ ಗ್ಯಾರೇಜಲ್ಲಿ ತೆಗೀಲಿಲ್ಲ ಅಂತ ಅಲ್ಲಿ ಹೇಳ್ಲೇಬೇಕಾಗುತ್ತೆ. ನೀನು ಬೇರೆಯವ್ರ ಬಾಯಿಂದ ಕೇಳೋದು ಬೇಡ ಅಂತ ಬಂದೆ."

ಅಷ್ಟು ಹೇಳಿ ಬಾಟ್ಲಿ ಚೀಲಕ್ಕೆ ಹಾಕಿಕೊಂಡು ಹೊರಟರು. ನೀನು ಏನಾದರೂ ಬೆರೆಸಿದ್ದೆಯಾ ಎಂದು ಕೇಳಲಿಲ್ಲ. ಕೇಳಿದ್ದರೆ ನಾನು ಇಲ್ಲ ಎನ್ನುತ್ತಿದ್ದೆ, ಅದೂ ಅವರಿಗೆ ಗೊತ್ತಿತ್ತೇನೋ.

ಗುರುವಾರ, ಶುಕ್ರವಾರ ನಾನು ಯಾರ ಜೊತೆಗೂ ಸರಿಯಾಗಿ ಮಾತಾಡಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ, ಯಾರಾದರೂ ಡ್ರಮ್ಮಿನ ಪಕ್ಕ ಹಾದರೂ ಬೆಚ್ಚಿಬೀಳುತ್ತಿದ್ದೆ. ಟ್ಯಾಂಕರಿನ ಪೈಪು ಡ್ರಮ್ಮಿನ ತಳ ಮುಟ್ಟುವುದಿಲ್ಲ. ಎರಡು ಬೆರಳಿನಷ್ಟು ಗಸಿ ಯಾವಾಗಲೂ ಉಳಿಯುತ್ತದೆ. ಆ ಗಸಿಯಲ್ಲಿ ನನ್ನ ಬೋಗುಣಿಯ ಪಾಲು ಹಾಗೇ ಕೂತಿತ್ತು. ಹೊಸ ಆಯಿಲನ್ನು ಅದಕ್ಕೆ ಹಾಕುವ ಧೈರ್ಯವಾಗದೆ ಬೇರೆ ಕ್ಯಾನಿನಲ್ಲಿ ಇಡುತ್ತಿದ್ದೆ. ಶನಿವಾರ ಬೆಳಿಗ್ಗೆ ಬೇಗ ಬಂದು, ಡ್ರಮ್ಮನ್ನು ವಾಲಿಸಿ, ಸೀಮೆಎಣ್ಣೆ ಡಬ್ಬ, ಬ್ರಷ್ಷು ಪಕ್ಕದಲ್ಲಿಟ್ಟುಕೊಂಡು ಕುಕ್ಕರುಗಾಲಲ್ಲಿ ಕೂತೆ.

"ಏನ್ರೀ," ಎಂಬ ದನಿ ಹಿಂದಿನಿಂದ ಬಂತು. "ಇಪ್ಪತ್ತು ವರ್ಷದಲ್ಲಿ ಮನೇಲಿ ಒಂದು ಲೋಟ ತೊಳೆದವರಲ್ಲ. ಇವತ್ತು ಡ್ರಮ್ ತೊಳೆಯೋಕೆ ಕೂತಿದ್ದೀರಾ?"

ನನ್ನ ಹೆಂಡತಿಯ ಮುಂದೆ ಸುಳ್ಳು ಹೇಳಿ ದಕ್ಕಿಸಿಕೊಂಡ ಉದಾಹರಣೆ ಇಲ್ಲ. ಎಲ್ಲ ಹೇಳಿದೆ. ಅವಳು ಕಿರುಚುತ್ತಾಳೆ ಎಂದುಕೊಂಡಿದ್ದೆ. ಅವಳು ಬಂದು ಸೀಮೆಎಣ್ಣೆ ಡಬ್ಬ ಎತ್ತಿಕೊಂಡು ಹೋಗಿ ಕೌಂಟರಿನ ಕಪಾಟಿನಲ್ಲಿಟ್ಟು ಬೀಗ ಹಾಕಿ, ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ವಾಪಸ್ ಬಂದಳು.

"ಒಂದು ಮಾತು ಕೇಳ್ತೀನಿ. ಟ್ಯಾಂಕರಿನ ಹಿಂದೆ ನಲ್ಲಿ ಇದೆ ಅಲ್ವಾ? ಮಂಗಳವಾರ ಸಂಜೆ ಲೋಡು ಫೇಲು ಅಂತ ಗೊತ್ತಾದ್ಮೇಲೆ ಅಕ್ಕ ಆ ನಲ್ಲಿ ತಿರುಗಿಸಿ ಈ ಖಾಲಿ ಬಾಟ್ಲಿ ತುಂಬಿಸ್ಕೊಂಡಿದ್ರೆ?"

ನನಗೆ ಒಂದು ನಿಮಿಷ ಅರ್ಥವಾಗಲಿಲ್ಲ. ಅರ್ಥವಾದಾಗ ಕೈಯಲ್ಲಿದ್ದ ಬ್ರಷ್ಷು ಕೆಳಗಿಟ್ಟೆ. ಟ್ಯಾಂಕಿನ ಆಯಿಲಿನಲ್ಲಿ ಬ್ರೇಕ್ ಕ್ಲೀನರ್ ಇದ್ದೇ ಇತ್ತು. ಬಾಟ್ಲಿಗೆ ಚೀಟಿ ಮೊದಲೇ ಅಂಟಿತ್ತು, ನನ್ನ ಸಂಖ್ಯೆಯೂ ತಾರೀಖೂ ಅದರ ಮೇಲಿತ್ತು. ಅರ್ಧ ನಿಮಿಷದ ಕೆಲಸ. ಅಕ್ಕ ಸ್ಯಾಂಪಲ್ ತೆಗೆದೇ ಇದ್ದರು, ತಪ್ಪು ಪೂರ್ತಿ ಗ್ಯಾರೇಜಿನವನದು ಎಂದಾಗುತ್ತಿತ್ತು. ಅವರ ಕೆಲಸ ಉಳಿಯುತ್ತಿತ್ತು. ಇನ್ನೂ ದೊಡ್ಡದೆಂದರೆ, ಆ ಬಾಟ್ಲಿ ಹೇಳುವುದು ಸುಳ್ಳೂ ಆಗಿರುತ್ತಿರಲಿಲ್ಲ. ಹುಳಿ ಹಿಂಡಿದವನು ನಾನೇ ತಾನೆ? ಅಷ್ಟು ಸುಲಭದ, ಅಷ್ಟು ನ್ಯಾಯವೂ ಆದ ದಾರಿಯೊಂದು ಕಣ್ಣೆದುರಿಗೇ ಇದ್ದಾಗ ಅವರು ಖಾಲಿ ಬಾಟ್ಲಿಯನ್ನು ಖಾಲಿಯಾಗಿಯೇ ಮೇಲಿನವರ ಮುಂದೆ ಇಡಲು ಹೊರಟಿದ್ದರು. ತೆಗೆಯದ್ದನ್ನು ತೆಗೆದೆ ಎಂದು ಹೇಳಲು ಅವರಿಗೆ ಆಗಲಿಲ್ಲ. ನನ್ನ ಜೀವನದಲ್ಲಿ ಇಷ್ಟು ನೆಟ್ಟಗಿನ ಮನುಷ್ಯರನ್ನು ನಾನು ಇನ್ನೊಬ್ಬರನ್ನು ನೋಡಿಲ್ಲ. ಅಂಥವರನ್ನು ಗಿರಾಕಿಗಳ ಮುಂದೆ ನಾಚಿಕೆಯಿಂದ ಕೆಂಪಾಗಿಸಿದ್ದು ನಾನು.

"ಬಾವಿ ವಿಷಯ ಗೊತ್ತಾದ್ಮೇಲೆ ಅಕ್ಕ ಮೂರು ದಿನ ಸುಮ್ಮನಿದ್ರು," ಎಂದಳು ಹೆಂಡತಿ. "ನಿಮಗೆ ಗುರುವಾರ ಒಂದು, ಶುಕ್ರವಾರ ಎರಡು, ಇವತ್ತಿಗೆ ಮೂರು."

ಸೋಮವಾರ ಪ್ಲಾಂಟಿನ ಆಫೀಸಿಗೆ ಹೋದೆ. ಚಿಕ್ಕ ಕೋಣೆ, ಉದ್ದನೆಯ ಮೇಜು, ಕಿಟಕಿಯಾಚೆ ಬೆಳ್ಳಗಿನ ಟ್ಯಾಂಕುಗಳು. ಮೇಲ್ವಿಚಾರಕರು ಎದುರಿಗೆ ಫೈಲು ಬಿಚ್ಚಿಕೊಂಡಿದ್ದರು. ಅಕ್ಕ ಮೇಜಿನ ಈ ಕಡೆ, ಗ್ಲೌಸಿಲ್ಲದ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಆ ಕೈಗಳ ಉಗುರಿನ ಸಂದಿಯಲ್ಲಿ ಎಷ್ಟು ತೊಳೆದರೂ ಹೋಗದ ಕಪ್ಪು. ನನ್ನ ಕೈಯಲ್ಲಿರುವುದೂ ಅದೇ ಕಪ್ಪು. ನಾನು ಕೂರದೆ, ನಿಂತೇ ಹೇಳಿದೆ.

"ತಪ್ಪು ನನ್ನದು ಸಾರ್. ಬ್ರೇಕ್ ಕ್ಲೀನರ್ ಸುರಿದವನು ನಾನು. ಸ್ಯಾಂಪಲ್ ತೆಗೀದ ಹಾಗೆ ಬಾಯಿ ಮಾಡಿದವನೂ ನಾನೇ."

ಮೇಲ್ವಿಚಾರಕರು ಪೆನ್ನು ಕೆಳಗಿಟ್ಟು ನಕ್ಕರು. "ನೀವು ಮೂರನೆಯವರು. ಬೆಳಿಗ್ಗೆಯಿಂದ ಇನ್ನಿಬ್ಬರು ಗ್ಯಾರೇಜಿನವರು ಬಂದು, ನಮ್ಮದೇ ತಪ್ಪು, ಅಕ್ಕನ್ನ ಬಿಟ್ಬಿಡಿ ಅಂತ ಹೇಳಿ ಹೋದ್ರು. ಅವ್ರ ಬಾಟ್ಲಿಗಳಲ್ಲಿ ಏನೂ ಇರ್ಲಿಲ್ಲ. ನಿಮ್ಮ ಅಭಿಮಾನ ಅರ್ಥ ಆಗುತ್ತೆ. ಆದ್ರೆ ಬಾಟ್ಲಿ ಇಲ್ದೆ ನಿಮ್ಮ ಮಾತು ನಾನು ಹೇಗೆ ಬರ್ಕೊಳ್ಳಿ?"

ಬದುಕಿನಲ್ಲಿ ಒಮ್ಮೆ ನಿಜ ಹೇಳಲು ಹೋದರೆ ಅದನ್ನು ನಂಬುವವರಿಲ್ಲ. ಸಿಟ್ಟು ಮತ್ತೆ ಮೂಗಿಗೆ ಬಂತು, ಈ ಸಲ ಉಪಯೋಗಕ್ಕೆ ಬಂತು. "ನನ್ನ ಡ್ರಮ್ಮು ಹಾಗೇ ಇದೆ ಸಾರ್. ಗಸಿಯೂ ಹಾಗೇ ಇದೆ. ನನ್ನ ಹೆಂಡತಿ ತೊಳೆಯೋಕೆ ಬಿಡ್ಲಿಲ್ಲ. ಬನ್ನಿ, ಈಗ್ಲೇ ತೆಗೀರಿ."

ಬಂದರು. ಡ್ರಮ್ಮಿನ ಮುಂದೆ ಮೇಲ್ವಿಚಾರಕರು, ನನ್ನ ಹೆಂಡತಿ, ನಾನು ನಿಂತಿದ್ದೆವು. ಅಕ್ಕ ಹೊಸ ಬಾಟ್ಲಿ ತೆಗೆದು, ಕನ್ನಡಕ ಏರಿಸಿ, ಚೀಟಿ ಬರೆದು ಅಂಟಿಸಿದರು. ಅವತ್ತಿನ ತಾರೀಖೇ ಬರೆದರು. ಮೇಲೆ 'ಗಸಿ' ಎಂದು ಸೇರಿಸಿದರು. ಆಮೇಲೆ ಮುಚ್ಚಳ ತೆಗೆದರು. ಕೊಳವೆ ತಳ ಮುಟ್ಟಿದ ಸದ್ದು ನನಗೆ ಕೇಳಿಸಿತು.

ಪ್ಲಾಂಟಿನ ಪರೀಕ್ಷೆಯ ಕೋಣೆಯಲ್ಲಿ ತಾಮ್ರದ ತಂತಿಯೊಂದನ್ನು ಕೆಂಪಗೆ ಕಾಯಿಸಿ, ಬಾಟ್ಲಿಯೊಳಗಿನದಕ್ಕೆ ಅದ್ದಿ ಮತ್ತೆ ಉರಿಗೆ ಹಿಡಿದರು. ನೀಲಿಯಾಗಿದ್ದ ಉರಿ ಅಚ್ಚ ಹಸಿರಾಯಿತು. ಬ್ರೇಕ್ ಕ್ಲೀನರ್ ಇದ್ದರೆ ಹಾಗೇ ಆಗುವುದಂತೆ. ನನ್ನ ಅಪರಾಧ ಅಷ್ಟು ಚೆಂದವಾಗಿ ಕಾಣುತ್ತದೆಂದು ನಾನು ಎಣಿಸಿರಲಿಲ್ಲ.

ನನ್ನ ಗ್ಯಾರೇಜನ್ನು ಆರು ತಿಂಗಳು ಪಟ್ಟಿಯಿಂದ ತೆಗೆದರು. ಅಕ್ಕನನ್ನು ಒಂದು ತಿಂಗಳು ಗಾಡಿಯಿಂದ ಇಳಿಸಿ, ಪ್ಲಾಂಟಿನಲ್ಲಿ ಬಾಟ್ಲಿ ತೊಳೆಯುವ ಕೆಲಸಕ್ಕೆ ಹಾಕಿ, ಎಚ್ಚರಿಕೆಯ ಪತ್ರ ಕೊಟ್ಟು ಮತ್ತೆ ಟ್ಯಾಂಕರ್ ಹತ್ತಿಸಿದರು. "ಹನ್ನೊಂದು ವರ್ಷದಲ್ಲಿ ಮೊದಲ ಸಲ ಒಂದು ತಿಂಗಳು ಕೂತು ಊಟ ಮಾಡ್ದೆ," ಎಂದು ನನ್ನ ಹೆಂಡತಿಯ ಹತ್ತಿರ ಹೇಳಿದರಂತೆ. ನಾನು ಆರು ತಿಂಗಳೂ ಶನಿವಾರ ಶನಿವಾರ ಕ್ಯಾನುಗಳನ್ನು ಕಾರಿನ ಹಿಂದೆ ತುಂಬಿಕೊಂಡು, ಊರಾಚೆಯ ಕೇಂದ್ರಕ್ಕೆ ಒಯ್ದು, ಸಾಲಿನಲ್ಲಿ ನಿಂತು ಕೊಟ್ಟು ಬರುತ್ತಿದ್ದೆ. ಉಪ್ಪು ತಿಂದವನು ನೀರು ಕುಡಿಯಲೇಬೇಕು. ಮಂಗಳವಾರ ಟ್ಯಾಂಕರ್ ಓಣಿಯ ಬಾಯಿಯವರೆಗೆ ಬಂದು, ಉಳಿದವರ ಡ್ರಮ್ಮು ಖಾಲಿ ಮಾಡಿ, ನನ್ನ ಶಟರಿನ ತನಕ ಬಾರದೆ ಹೋಗುತ್ತಿತ್ತು. ಅಕ್ಕ ಕಿಟಕಿಯಿಂದ ಕೈ ಬೀಸುತ್ತಿದ್ದರು. ನಾನೂ ಬೀಸುತ್ತಿದ್ದೆ. ಆ ಹೊತ್ತಿಗೆ ಶೆಡ್ಡಿನೊಳಗೆ ನನಗೆ ಯಾವ ಕೆಲಸವೂ ಓಡುತ್ತಿರಲಿಲ್ಲ.

ಏಳನೇ ತಿಂಗಳ ಮೊದಲ ಮಂಗಳವಾರ ಎರಡು ಗಂಟೆಗೇ ಶಟರಿನ ಮುಂದೆ ನಿಂತಿದ್ದೆ. ಮೂರಕ್ಕೆ ಟ್ಯಾಂಕರ್ ಹಿಂದುಹಿಂದಾಗಿ ಬಂದು, ಒಂದು ಗೇಣು ಬಾಕಿ ಇರುವಾಗ ನಿಂತಿತು. ಅಕ್ಕ ಪೆಟ್ಟಿಗೆ ಹಿಡಿದು ಇಳಿದರು. ಕನ್ನಡಕ ಏರಿಸಿ ಚೀಟಿ ಬರೆಯತೊಡಗಿದರು. ನಾನು ಕೈ ಕಟ್ಟಿಕೊಂಡು ನಿಂತೆ.

"ಕೋಪ ಬಂತಾ?" ತಲೆ ಎತ್ತದೆಯೇ ಕೇಳಿದರು.

"ಇಲ್ಲಕ್ಕಾ. ಆದ್ರೆ ಅವತ್ತು ಕೇಳಿದ್ದಕ್ಕೆ ನೀವು ಉತ್ತರ ಕೊಡ್ಲಿಲ್ಲ. ಹನ್ನೊಂದು ವರ್ಷ ನೋಡಿದ್ಮೇಲೂ ನನ್ನ ಮೇಲೆ ಅನುಮಾನ ಇತ್ತಾ?"

ಅಕ್ಕ ಚೀಟಿ ಅಂಟಿಸಿದರು, ಮುಚ್ಚಳ ತೆಗೆದರು, ಕೊಳವೆಯನ್ನು ತಳದವರೆಗೆ ಇಳಿಸಿ ಹೆಬ್ಬೆರಳು ಒತ್ತಿ ಎತ್ತಿದರು. ಬೆಳಕಿಗೆ ಹಿಡಿದು ಮೇಲಿಂದ ಕೆಳಗಿನವರೆಗೆ ನೋಡಿದರು.

"ನಿನ್ನ ಮೇಲೆ ಯಾವತ್ತೂ ಇರ್ಲಿಲ್ಲ ತಮ್ಮಾ," ಎಂದರು. "ಆ ಗುಂಡಿ ತೋಡುವಾಗ ನನ್ನ ಮೇಲೂ ನಂಗೆ ಅನುಮಾನ ಇರ್ಲಿಲ್ಲ."

ಬಾಟ್ಲಿ ತುಂಬಿಸಿ, ಮುಚ್ಚಳ ತಿರುಗಿಸಿ, ನನ್ನ ಕೈಗೆ ಕೊಟ್ಟರು. ಹದಿನಾಲ್ಕನೇ ಗೂಡಿಗೆ ಅದನ್ನು ನಾನೇ ಇಟ್ಟೆ.